ಸೋಪು ಹಾಕದ ಸೋಪಣ್ಣ

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯ ಸೋಪಣ್ಣನ ಸ್ಥಿತಿ ಅದೇ ಆಗಿತ್ತು. ಎದುರಿನ ಬೆಂಚಿನಲ್ಲಿ ಕೂತಿದ್ದ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ತಮ್ಮ ನಾಯಿಯ ಕಾಲನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು.

"ಸೋಪಿನ ವಾಸನೆಯೇ ಇಲ್ಲ. ಬೆರಳ ಸಂದೀಲಿ ಹುಲ್ಲಿದೆ."

ಮೇಡಂಗೆ ಕಣ್ಣು ಕಾಣದು. ಆಸ್ಪತ್ರೆಯ ಗಿಜಿಗುಡುವ ಕಾರಿಡಾರುಗಳಲ್ಲಿ ಅವರನ್ನು ನಡೆಸುವುದು ಈ ನಾಯಿ, ಸಾಹೇಬ. ಅವನು ಮೈ ಕೆರೆದುಕೊಂಡು ವಾರ್ಡಿನಲ್ಲೆಲ್ಲ ಹೊಟ್ಟು ಉದುರಿಸುತ್ತಾನೆಂದು ಕೆಲ ತಿಂಗಳ ಹಿಂದೆ ಹೆಡ್ ನರ್ಸ್ ದೂರು ಕೊಟ್ಟಿದ್ದರು. ಬರುವ ಸೋಮವಾರದ ತಪಾಸಣೆಯಲ್ಲಿ ಫೇಲಾದರೆ ಸಾಹೇಬನಿಗೆ ಪ್ರವೇಶವಿಲ್ಲ. ಅವನಿಲ್ಲದೆ ಮೇಡಂಗೆ ಕೆಲಸವಿಲ್ಲ. ದೂರು ಬಂದಾಗಿನಿಂದ ಆಟ ಬಂದ್ ಮಾಡಿ, ದಿನ ಬಿಟ್ಟು ದಿನ ಸ್ನಾನ ಮಾಡಿಸಲು ಹೇಳಿ, ಒಂದು ಗಂಟೆ ತಮ್ಮ ಅಕ್ಕನ ಜೊತೆ ಹೊರಗೆ ಹೋಗಿ ಬರುತ್ತಿದ್ದರು.

ಆ ಒಂದು ಗಂಟೆಯಲ್ಲಿ ಸೋಪಣ್ಣ ಮಾಡುತ್ತಿದ್ದುದೇ ಬೇರೆ. ಹಿಂದಿನ ಮೈದಾನದಲ್ಲಿ ಸಾಹೇಬನನ್ನು ಮನಸಾರೆ ಓಡಿಸಿ, ಬರೀ ಒದ್ದೆಬಟ್ಟೆಯಲ್ಲಿ ಒರೆಸಿ, ಮೇಡಂ ಮರಳಿ ಬಂದು ಬೆಂಚಿನಲ್ಲಿ ಕೂತ ಮೇಲೆ ಅವರೆದುರೇ ಬಾಚಿ ಒಪ್ಪಿಸುತ್ತಿದ್ದ. ಮೊದಮೊದಲು ಸೋಪು ಹಾಕಿದ್ದವನೇ, ಈಚಿನ ಹದಿನೈದು ದಿನದಿಂದ ಇದೇ ನಡೆದಿತ್ತು. ಈಗ ಬಾಯಿ ಬಿಡಲೇಬೇಕಾಯಿತು. ಅತಿಯಾದ ಸ್ನಾನದಿಂದಲೇ ಚರ್ಮ ಒಣಗಿ ತುರಿಕೆ ಇನ್ನೂ ಹೆಚ್ಚಿದ್ದು, ಆಟವಿಲ್ಲದ ಬೇಸರಕ್ಕೆ ಅದನ್ನೇ ಕೆರೆಯುತ್ತಿದ್ದದ್ದು ಎಂದ.

ಮೇಡಂ ಸಾಹೇಬನ ಬೆನ್ನಿನ ಕೂದಲೊಳಗೆ ಬೆರಳಾಡಿಸಿದರು. ಹೊಟ್ಟಿರಲಿಲ್ಲ. ಆದರೂ ಅವರ ಮುಖ ಸಡಿಲವಾಗಲಿಲ್ಲ.

"ಕಾಣಲ್ಲ ಅಂತ ತಾನೇ ಹೇಳದೆ ಮಾಡಿದ್ದು? ನನ್ನ ಕೆಲಸ ಪಣಕ್ಕಿಡೋಕೆ ನೀವ್ಯಾರು?"

ಸೋಪಣ್ಣನಿಗೆ ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕೇಳಿದ್ದರೆ ಬೇಡ ಅಂತಿದ್ರಿ, ಅದಕ್ಕೇ ಹೇಳಲಿಲ್ಲ, ತಪ್ಪಾಯ್ತು ಎಂದ.

ಮೇಡಂ ಎದ್ದು ನಿಂತು, ಮೈದಾನಕ್ಕೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ತಾವೇ ಸಾಹೇಬನ ಪಟ್ಟಿ ಬಿಚ್ಚಿದರು. ಅವರ ಬರಿಗೈ ಗಾಳಿಯಲ್ಲಿ ತಡಕಾಡಿ ಸೋಪಣ್ಣನ ತೋಳನ್ನು ಗಟ್ಟಿಯಾಗಿ ಹಿಡಿಯಿತು. ದೂರದಲ್ಲಿ ಸಾಹೇಬ ಬೊಗಳಿದ. ಎಷ್ಟೋ ತಿಂಗಳಿಂದ ಆ ದನಿ ಕೇಳಿರಲಿಲ್ಲ ಎಂದು ಮೇಡಂ ಅತ್ತೇಬಿಟ್ಟರು.

ಸೋಮವಾರ ಅವನು ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೋದ. ಹೆಡ್ ನರ್ಸ್ ಬಿಳಿ ಬಟ್ಟೆಯಿಂದ ಸಾಹೇಬನ ಮೈಯನ್ನು ಎರಡು ಸಲ ಉಜ್ಜಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಪ್ರವೇಶದ ಚೀಟಿಗೆ ಸಹಿ ಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಮೇಡಂ ನಿಂತರು. "ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

ಅವನು ಸಾಹೇಬನ ತಲೆ ಸವರಿದ. "ಒಂದಿದೆ. ಬಾಚುವಾಗ ನಿಮ್ಮನ್ನೇ ನೋಡ್ತಿರ್ತೀನಿ. ನಿಮಗೆ ಗೊತ್ತಾಗಲ್ಲ ಅಂತ."

"ಗೊತ್ತಾಗುತ್ತೆ. ಆಗೆಲ್ಲ ಬ್ರಷ್ ಸದ್ದು ನಿಂತುಹೋಗುತ್ತೆ." ಮೇಡಂ ಕಿವಿ ಕೆಂಪಾಗಿತ್ತು. "ನಾನೂ ಏನೂ ಕೇಳದವಳ ಹಾಗೆ ಕೂತಿರ್ತಿದ್ದೆ. ಮೋಸ ನಂದೂ ಇದೆ ಬಿಡಿ."