ಇಡೀ ಓಣಿಗೆ ಒಂದೇ ಹೆಸರು

ಬೆಟಗೇರಿಯ ನೇಕಾರ ಓಣಿಯ ವಾಚನಾಲಯದ ಗೋಡೆಯ ಮೇಲೆ ರೊಟ್ಟಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅಂತರಜಾಲದಲ್ಲಿ ಏನನ್ನಾದರೂ ಗುಟ್ಟಾಗಿ ಕೇಳಬೇಕೆಂದವರ ಪ್ರಶ್ನೆ ಮೊದಲು ಅದರೊಳಗೆ ಬರುತ್ತಿತ್ತು. ಅದು ಕೇಳಿದವರ ಗುರುತು ಅಳಿಸಿ, ಓಣಿಯ ಹೆಸರಿನಲ್ಲಿ ತಾನೇ ಹೋಗಿ ಕೇಳಿ, ಉತ್ತರ ತಂದುಕೊಟ್ಟು ಎಲ್ಲವನ್ನೂ ಮರೆತುಬಿಡುತ್ತಿತ್ತು. ಹೀಗೆ ನಡುವೆ ನಿಂತು ಕೇಳಿಕೊಡುವ ಪ್ರಾಕ್ಸಿ ಸರ್ವರ್ ಹಳೆಯ ವಿದ್ಯೆಯೇ. ಆದರೆ ಹಳೆಯವು ಹೊರಗಿನವರಿಂದ ಮುಚ್ಚಿಟ್ಟದ್ದನ್ನು ತಮ್ಮ ಮಾಲೀಕರ ಮುಂದೆ ಬಿಚ್ಚಿಡುತ್ತಿದ್ದವು. ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ವಿಜ್ಞಾನಿ ಶ್ರಾವಣಿ ಹೊಂಬಳ ಮಾಡಿದ ಈ ಪೆಟ್ಟಿಗೆಯೊಳಗೆ ಇಣುಕಲು ಆಕೆಗೂ ದಾರಿಯಿರಲಿಲ್ಲ. ಅದರ ಬಗ್ಗೆ ಆಕೆಗೆ ಜಂಬವಿತ್ತು. ಇರಬೇಕಾದದ್ದೇ.

ಅದು ಜಾಲಜಾತಕದ ಕಾಲ. ಒಬ್ಬರು ಜಾಲದಲ್ಲಿ ಕೇಳಿದ್ದು, ನೋಡಿದ್ದು ಎಲ್ಲವೂ ಅದರಲ್ಲಿ ದಾಖಲಾಗುತ್ತಿತ್ತು. ಬೀಗರು ಅದನ್ನು ನೋಡಿ ಸಂಬಂಧ ಬೆಳೆಸುತ್ತಿದ್ದರು, ಗಿರಣಿಯವರು ಅದನ್ನು ನೋಡಿ ಆಳುಗಳನ್ನು ಉಳಿಸಿಕೊಳ್ಳುತ್ತಿದ್ದರು. ಕಾಯಿಲೆಯ ವಾಸನೆ ಬಂದರೆ ಕೆಲಸ ಹೋದಂತೆಯೇ.

ಗಿರಣಿಯಲ್ಲಿ ದುಡಿಯುವ ಭೂಮಿಕಾಳಿಗೆ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತ್ತು. ಆಕೆ ಪೆಟ್ಟಿಗೆಯ ಮೂಲಕ ಅದರ ಬಗ್ಗೆ ಕೇಳಿದಳು. ಮರುದಿನವೇ ಶ್ರಾವಣಿಯ ಬಾಗಿಲಿಗೆ ಬಂದು ನಿಂತಳು.

"ನಿಮ್ಮ ಪೆಟಿಗಿ ನನ್ನ ಹಿಡಕೊಟ್ಟೈತ್ರಿ, ಮೇಡಮ್. ಏನ್ ಕೇಳೇನಿ ಅನ್ನೂದು ಗಿರಣಿಯವರಿಗೆ ಗೊತ್ತಿಲ್ಲಂತ. ಆದ್ರ ಪೆಟಿಗಿಗೆ ಹೋಗಿದ್ದು ಜಾತಕದಾಗ ಕಾಣತೈತಂತ. ಯಾಕ ಅಂತ ವಾರದಾಗ ಹೇಳಬೇಕಂತ, ಇಲ್ಲಾಂದ್ರ ಕೆಲಸಕ್ಕ ಬರೂದ ಬ್ಯಾಡಂತ."

ಶ್ರಾವಣಿಗೆ ತಪ್ಪು ಹೊಳೆಯಿತು. ಓಣಿಯವರು ಹೊಸ ಪಾತ್ರೆಯನ್ನು ಅಟ್ಟದ ಮೇಲಿಟ್ಟು, ಬೀಗರು ಬಂದಾಗಷ್ಟೇ ಇಳಿಸುವ ಜನ. ಪೆಟ್ಟಿಗೆಯನ್ನೂ ಹಾಗೆಯೇ ಬಳಸಿದ್ದರು: ದಿನದ ಮಾತೆಲ್ಲ ಬಯಲಿನಲ್ಲಿ, ಗುಟ್ಟಷ್ಟೇ ಪೆಟ್ಟಿಗೆಯಲ್ಲಿ. ಹಾಗಾಗಿ ಅತ್ತ ಹೆಜ್ಜೆಯಿಟ್ಟವರೆಲ್ಲ ಅನುಮಾನಕ್ಕೆ ಗುರಿಯಾಗಿದ್ದರು.

ಆಕೆ ನೇರವಾಗಿ ಓಣಿಯ ಹಿರಿಯ ಅಂದಾನಪ್ಪ ಮಾಸ್ತರರ ಮನೆಗೆ ಹೋದಳು. ಅವರು ಪೆಟ್ಟಿಗೆಯ ಗೊಡವೆಗೇ ಹೋದವರಲ್ಲ.

"ಮುಚ್ಚಿಡೂವಂಥಾದ್ದು ನನ್ನ ಹತ್ರ ಏನೈತವಾ? ಎಣ್ಣೆಗಾಯಿ ಮಾಡೂದು ಹ್ಯಾಂಗ ಅಂತ ಬಿಟ್ರ ನಾ ಏನೂ ಕೇಳಾಂವಲ್ಲ."

"ಅದಕ್ಕ ನೀವ ಬೇಕ್ರಿ, ಮಾಸ್ತರ. ಗುಟ್ಟು ಇದ್ದವರಷ್ಟ ಬಂದ್ರ, ಬಂದವರೆಲ್ಲಾ ಕಳ್ಳರ ಆಗ್ತಾರ. ನಮ್ಮ ಓಣ್ಯಾಗಿನ ಒಂದು ಜೀವ ನಿಮ್ಮ ಎಣ್ಣೆಗಾಯಿ ಮ್ಯಾಲೆ ನಿಂತೈತ್ರಿ."

ಮಾಸ್ತರರ ನಗು ನಿಂತಿತು. "ಯಾರು ಅಂತ ನಾ ಕೇಳೂದಿಲ್ಲ," ಎಂದು ಚಪ್ಪಲಿ ಮೆಟ್ಟಿ, ಮನೆಮನೆಗೆ ಹೇಳಲು ಹೊರಟರು.

ಸಂಜೆಯಿಂದ ಎಲ್ಲವೂ ಪೆಟ್ಟಿಗೆಯ ಮೂಲಕವೇ ಹೋಗತೊಡಗಿತು: ಬಸ್ಸಿನ ವೇಳೆ, ಹವಾಮಾನ, ಮಕ್ಕಳ ಲೆಕ್ಕ, ಮಾಸ್ತರರ ಎಣ್ಣೆಗಾಯಿ. ವಾರ ಮುಗಿಯುವಷ್ಟರಲ್ಲಿ ಗಿರಣಿಗೆ ಹೋಗುವ ಓಣಿಯವರೆಲ್ಲರ ಆ ವಾರದ ಜಾತಕದಲ್ಲೂ ಪೆಟ್ಟಿಗೆಯ ಹೆಸರೊಂದೇ ಇತ್ತು. ಎಲ್ಲರನ್ನೂ ಬಿಡಿಸಿದರೆ ಮಗ್ಗ ನಡೆಸುವವರು ಯಾರು? ಗಿರಣಿಯವರು ಬಾಯಿ ಮುಚ್ಚಿಕೊಂಡರು. ಭೂಮಿಕಾ ತವರಿಗೆಂದು ರಜೆ ಹಾಕಿ, ಊರಾಚೆಯ ಆಸ್ಪತ್ರೆಯಲ್ಲಿ ಗಂಟು ತೆಗೆಸಿಕೊಂಡು ಬಂದಳು. ಸಣ್ಣದಿರುವಾಗಲೇ ಸಿಕ್ಕಿತ್ತು, ಬದುಕಿದಳು. ಅದು ಯಾರ ಜೀವವಾಗಿತ್ತೆಂದು ಮಾಸ್ತರರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಜಾಲಜಾತಕ ಎಂಬ ಹೆಸರು ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ಆದರೆ ನಾವು ಕೇಳಿದ್ದು, ನೋಡಿದ್ದನ್ನು ಬರೆದಿಡುವ ಕೆಲಸವಂತೂ ಶುರುವಾಗಿದೆ. ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ ಎನ್ನುತ್ತೀರಾ? ಬಹಳ ಸಂತೋಷ. ಓಣಿಗೆ ಮೊದಲು ಬೇಕಾದವರು ನೀವೇ.