ಕುಳ್ಳಾದ ಮಕ್ಕಳು

ಭದ್ರಾವತಿಯ ಶಾಲೆಯೊಂದರ ಮಕ್ಕಳು ಎರಡೇ ತಿಂಗಳಲ್ಲಿ ಕುಳ್ಳಾಗಿದ್ದರು. ಒಬ್ಬಿಬ್ಬರಲ್ಲ — ಹೆಚ್ಚುಕಮ್ಮಿ ಇಡೀ ತರಗತಿ, ತಲಾ ಒಂದು ಬೆರಳಿನಗಲ.

ಶಿವಮೊಗ್ಗದ ಸಂಶೋಧನಾ ಕೇಂದ್ರದಲ್ಲಿ ಮಕ್ಕಳ ಬೆಳವಣಿಗೆಯ ಅಧ್ಯಯನ ನಡೆಸುತ್ತಿದ್ದ ಶೀಲಾ ಮೇಡಂ ಕಂಪ್ಯೂಟರಿನಿಂದ ತಲೆ ಎತ್ತಿದರು. "ಬೆಳೆಯೋ ಮಕ್ಕಳು ಗಿಡ್ಡ ಆಗ್ತಾರಾ? ಮೊದಲ ಸುತ್ತು ಅಳೆದದ್ದು ನಿರಂಜನ. ಎರಡನೇದು ವಿದ್ಯಾಶ್ರೀ. ಏನಿದು?"

"ನಾನು ಸರಿಯಾಗೇ ಅಳೆದೆ ಮೇಡಂ." ವಿದ್ಯಾಶ್ರೀ ಎದ್ದು ನಿಂತಳು.

"ಶಾಲೆಗೆ ಹೋಗಿದ್ಯಾ, ಇಲ್ಲ ಬಸ್‌ಸ್ಟ್ಯಾಂಡಲ್ಲೇ ಕೂತು ಬರೆದ್ಯಾ ಮಾರಾಯ್ತಿ?" ನಿರಂಜನ ನಕ್ಕ.

ಮೂಲೆಯಲ್ಲಿದ್ದ ಇನ್ನೊಬ್ಬ ಸಹಾಯಕಿ ಅತೀಕಾಳ ಎದೆಯೊಳಗೂ ಏನೋ ನಕ್ಕಿತು. ಮೇಡಂ ಬಾಯಲ್ಲಿ ಯಾವಾಗಲೂ ವಿದ್ಯಾಶ್ರೀಯದೇ ಜಪ. ಪ್ರತಿ ಸಲ ಅವಳೇ ಯಾಕೆ? ಅವಳು ಹೋದರೆ ಆ ಜಾಗ ತನಗೇ.

"ಅತೀಕಾ, ನೀನು ಹೋಗಿ ನೋಡ್ಕೊಂಡು ಬಾ. ಕಾರಣ ಸಿಗದಿದ್ರೆ ವಿದ್ಯಾಶ್ರೀನ ತೆಗೀಬೇಕಾಗುತ್ತೆ."

ಬಸ್ಸಿನಲ್ಲಿ ಅತೀಕಾ ಅಳತೆಗಳನ್ನು ಮತ್ತೆ ಮತ್ತೆ ನೋಡಿದಳು. ಎಲ್ಲರೂ ಕುಗ್ಗಿದ್ದಾರೆ — ಇರಂ ಎಂಬ ಹುಡುಗಿಯ ಹೊರತು. ಅವಳೊಬ್ಬಳು ಬೆಳೆದಿದ್ದಾಳೆ. ಯಾಕೆ?

ಶಾಲೆಯ ಜಗಲಿಯಲ್ಲಿ ಇರಂ ಸಿಕ್ಕಳು.

"ಮೊದಲ ಸಲ ಅಳೆದಾಗ ನಿಂಗೇನಾದ್ರೂ ಆಗಿತ್ತಾ ಪುಟ್ಟಿ?"

"ಕಾಲ್ ಮೇಲೆ ಚಾ ಚೆಲ್ಲಿತ್ತು ಅಕ್ಕ. ಪಟ್ಟಿ ಕಟ್ಟಿದ್ರು."

ಅತೀಕಾ ಹುಡುಗಿಯ ಕಾಲು ನೋಡಿದಳು. ಉಳಿದ ಮಕ್ಕಳ ಕಾಲುಗಳನ್ನೂ ನೋಡಿದಳು. ಅವರಿಗೆ ಇನ್ನೊಂದೇ ಪ್ರಶ್ನೆ ಕೇಳಿ ಬಸ್ ಹತ್ತಿದಳು. ಸುಮ್ಮನಿದ್ದರೆ? ಯಾರಿಗೂ ತಿಳಿಯದು. ಶಿವಮೊಗ್ಗ ಬರುವವರೆಗೂ ಆ ಯೋಚನೆ ಪಕ್ಕದ ಸೀಟಿನಲ್ಲೇ ಕೂತಿತ್ತು.

"ಸಿಕ್ಕಿತಾ?" ಮೇಡಂ ಕೇಳಿದರು.

ಅತೀಕಾ ನೆಲ ನೋಡಿಕೊಂಡೇ ಹೇಳಿದಳು. "ಕೈತಪ್ಪಾಗಿದ್ರೆ ಒಬ್ರು ಉದ್ದ ಆಗ್ತಿದ್ರು, ಇನ್ನೊಬ್ರು ಗಿಡ್ಡ. ಇಲ್ಲಿ ಎಲ್ಲಾ ಒಂದೇ ಕಡೆ ಜಾರಿದೆ. ಅಂದ್ರೆ ಅಳೆಯೋ ಪದ್ಧತಿಯೇ ಬೇರೆ ಆಗಿದೆ. ನಾವೆಲ್ಲ ಎರಡನೇ ಅಳತೆನೇ ಅನುಮಾನಿಸಿದ್ವಿ. ತಪ್ಪಿರೋದು ಮೊದಲನೇದ್ರಲ್ಲಿ."

"ಏನ್ ತಪ್ಪು?" ನಿರಂಜನನ ನಗು ಆರಿತು.

"ಶೂ. ಲೇಸ್ ಬಿಚ್ಚಿ ಕಟ್ಟೋಕೆ ಹೊತ್ತಾಗುತ್ತೆ ಅಂತ ನೀವು ಶೂ ಹಾಕ್ಕೊಂಡೇ ನಿಲ್ಲಿಸಿದ್ರಿ. ಮಕ್ಕಳೇ ಹೇಳಿದ್ರು. ಇರಂ ಕಾಲು ಸುಟ್ಟಿತ್ತು, ಅವಳೊಬ್ಬಳೇ ಬರಿಗಾಲು. ಅದಕ್ಕೇ ಅವಳ ಬೆಳವಣಿಗೆ ಮಾತ್ರ ನಿಜ. ವಿದ್ಯಾಶ್ರೀ ಎಲ್ಲರ ಶೂ ಬಿಚ್ಚಿಸಿದ್ಲು."

ಮೇಡಂ ನಿರಂಜನನತ್ತ ತಿರುಗಿದರು. "ಗೊತ್ತಿದ್ದೂ ತಪ್ಪು ಅವಳ ಮೇಲೆ ಹಾಕಿದ್ಯಾ?"

ನಿರಂಜನ ಬಾಯಿಬಿಟ್ಟ. "ಪ್ರತಿ ಸಲ ಅವಳೇ ಯಾಕೆ ಮೇಡಂ?"

ಅತೀಕಾ ಬೆಚ್ಚಿದಳು. ಅದು ತನ್ನದೇ ಪ್ರಶ್ನೆ, ಪದವೂ ಬದಲಾಗದೆ.

"ನೀನು ಮನೆಗೆ ಹೋಗು ನಿರಂಜನ. ಮುಂದಿನ ಸುತ್ತೂ ವಿದ್ಯಾಶ್ರೀನೇ ಅಳೀಲಿ."

ವಿದ್ಯಾಶ್ರೀ ಓಡಿ ಬಂದು ಅತೀಕಾಳ ಕೈ ಹಿಡಿದಳು. ಬ್ಯಾಗಿನಲ್ಲಿ ಏನನ್ನೋ ಹುಡುಕುವವಳಂತೆ ಅತೀಕಾ ಮೆಲ್ಲಗೆ ಕೈ ಬಿಡಿಸಿಕೊಂಡಳು.