ಉಲ್ಟಾ ಸಿಂಹದ ಇಪ್ಪತ್ತು ಪೈಸೆ

"ಈ ರೂಪಾಯಿ ಎಲ್ಲಿ ಸಿಕ್ತು ನಿಮಗ?"

ಕಂಡಕ್ಟರ್ ಕನಕರಾಯ ಕೇಳಿದ್ದು ಮೆತ್ತಗೇ. ಆದರೆ ಮಸ್ಕಿಯಿಂದ ಲಿಂಗಸೂಗೂರಿಗೆ ಹೊರಟಿದ್ದ ಬೆಳಗಿನ ಬಸ್ಸಿನಲ್ಲಿ ಅದನ್ನು ಕೇಳಿಸಿಕೊಳ್ಳದವರು ಯಾರೂ ಇರಲಿಲ್ಲ.

ಪಾರ್ವತೆಮ್ಮನ ಮುಖ ಕೆಂಪೇರಿತು. ಆ ರೂಪಾಯಿಯ ಅಂಚು ಒಂದು ಕಡೆ ಇಲಿ ಕಡಿದಂತೆ ಹೋಗಿತ್ತು. ಸಂತೆಯಲ್ಲಿ ಯಾರೋ ಅದನ್ನು ಅವಳಿಗೆ ದಾಟಿಸಿದ್ದರು. ಅವಳು ಕಂಡಕ್ಟರನಿಗೆ ದಾಟಿಸಲು ನೋಡಿದ್ದಳು. ಈಗ ಎಲ್ಲರೆದುರು ಸಿಕ್ಕಿಬಿದ್ದಿದ್ದಳು!

"ಎಲ್ಲೆರ ಸಿಗಲಿ. ಸರ್ಕಾರದ ರೂಪಾಯಿ ಅಲ್ಲೇನದು?"

"ನಾ ಎಲ್ಲಿ ಅಲ್ಲ ಅಂದೆ ಅಕ್ಕಾರ..."

ಅಕ್ಕಾರ! ಇಪ್ಪತ್ಮೂರು ವರ್ಷದ ತನ್ನನ್ನು ಇವನು, ತನಗಿಂತ ನಾಲ್ಕೈದು ವರ್ಷ ದೊಡ್ಡವನಂತೆ ಕಾಣುವ ಇವನು, ಅಕ್ಕಾರ ಅನ್ನುತ್ತಾನೆ!

"ಖೊಟ್ಟಿ ಅನಿಸಿದ್ರ ವಾಪಸ್ ಕೊಡ್ರಿ. ಬ್ಯಾರೆ ಕೊಡ್ತೀನಿ."

"ಕೊಡಂಗಿಲ್ರಿ. ಇದು ನಂಗ ಬೇಕು."

ಅವನು ತನ್ನ ಪ್ಯಾಂಟಿನ ಜೇಬಿನಿಂದ ಬೇರೆ ರೂಪಾಯಿ ತೆಗೆದು ಚರ್ಮದ ಚೀಲಕ್ಕೆ ಹಾಕಿದ. ಅವಳ ರೂಪಾಯಿಯನ್ನು ಅಂಗಿಯ ಮೇಲುಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡ. ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಪಕ್ಕದಲ್ಲಿ ಬಳೆ ಮಾರುವ ಯಮನೂರಮ್ಮ ಕುಳಿತಿದ್ದಳು. ಬುಟ್ಟಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು ಪಾರ್ವತೆಮ್ಮನನ್ನು ತಿವಿದಳು.

"ಕಂಡ್ಯೇನಬೇ? ಎಲ್ಲಾರ ರೊಕ್ಕ ಚೀಲದಾಗ. ನಿಂದು ಮಾತ್ರ ಎದಿ ಮ್ಯಾಲ."

"ಸುಮ್ನಿರು ಯಮನೂರಮ್ಮ."

ಬಾಯಿ ಹಾಗೆ ಹೇಳಿತು. ಮನಸ್ಸು ಸುಮ್ಮನಿರಬೇಕಲ್ಲ! ಲಿಂಗಸೂಗೂರಿನ ಹೊಲಿಗೆ ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ನಮ್ಮ ಪಾರ್ವತೆಮ್ಮ ಟೀಚರು ಆ ದಿನ ಹುಡುಗಿಯರಿಗೆ ಕುಪ್ಪಸದ ತೋಳನ್ನು ಉಲ್ಟಾ ಕತ್ತರಿಸಿ ತೋರಿಸಿದರು.

ಇದು ಸಾವಿರದ ಒಂಬೈನೂರ ಎಂಬತ್ತೆಂಟರ ಮಾತು.

ಮರುವಾರದಿಂದ ಅವಳ ಸೀಟಿನ ಹತ್ತಿರ ಅವನು ಒಂದು ನಿಮಿಷ ಹೆಚ್ಚು ನಿಲ್ಲತೊಡಗಿದ. 'ಅಕ್ಕಾರ' ಹೋಗಿ 'ಟೀಚರ್' ಬಂತು. ಒಂದು ಬೆಳಿಗ್ಗೆ ಅದೇ ರೂಪಾಯಿಯನ್ನೂ ಒಂದು ಸಣ್ಣ ಭೂತಗನ್ನಡಿಯನ್ನೂ ಅವಳ ಕೈಗೆ ಕೊಟ್ಟ.

"ಕಡದ ಜಾಗದ ಎದುರಿನ ಅಂಚು ನೋಡ್ರಿ ಟೀಚರ್. ಮಂಕಾಗೈತಿ, ಹೌದಿಲ್ರಿ? ಟಂಕಸಾಲ್ಯಾಗ ತಗಡಿನಿಂದ ಬಿಲ್ಲಿ ಕತ್ತರಿಸುವಾಗ ತಪ್ಪಾದ್ರ ಹಂಗ ಆಕೈತಿ. ಯಾರರ ಅರ ಹಾಕಿ ತಿಕ್ಕಿದ್ರ ಎದುರಿನ ಅಂಚು ಗಟ್ಟಿ ಇರತಿತ್ತು."

"ತಪ್ಪಾಗಿದ್ದಕ್ಕ ಇಷ್ಟ್ಯಾಕ ಪ್ರೀತಿ?"

"ಕೋಟಿ ನಾಣ್ಯ ಒಂದೇ ನಮೂನಿ ಇರ್ತಾವ್ರಿ. ಇದು ಒಂದೇ ಹಿಂಗೈತಿ. ಆದ್ರ ಹುಟ್ಟುವಾಗ ಆದ ತಪ್ಪು ಇರಬೇಕು. ಆಮ್ಯಾಲ ಬಿದ್ದ ಪೆಟ್ಟು ಲೆಕ್ಕಕ್ಕಿಲ್ಲ. ಮಂದಿ ಬೇಕಂತ ಮಾಡಿದ್ದಂತೂ ಕಣ್ಣೀಲೆ ನೋಡಬಾರದು."

ಅವಳು ಗಾಜಿನಲ್ಲಿ ಅಂಚನ್ನು ನೋಡಿದಳೋ, ಗಾಜು ಹಿಡಿದುಕೊಟ್ಟ ಬೆರಳುಗಳನ್ನು ನೋಡಿದಳೋ... ಅದನ್ನು ನಾವು ಕೇಳುವುದು ಬೇಡ.

ಹೀಗೆ ಎಲ್ಲ ಸುಖವಾಗಿ ನಡೆದಿರುವಾಗ ಹುಸೇನಮ್ಮ ಬಂದಳು.

ಹುಸೇನಮ್ಮ ತುರ್ವಿಹಾಳದವಳು. ಹಟ್ಟಿಯ ಒಂದು ಕಿರಾಣಿ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದಳು. ಪ್ರತಿ ಶನಿವಾರ ಸಂಜೆ ಊರಿಗೆ ಹೋಗಲು ಲಿಂಗಸೂಗೂರಿನಲ್ಲಿ ಇದೇ ಬಸ್ಸು ಹಿಡಿಯುತ್ತಿದ್ದಳು. ಅಷ್ಟು ದಿನ ಶನಿವಾರ ಅರ್ಧ ದಿನವೆಂದು ಮಧ್ಯಾಹ್ನವೇ ಮನೆಗೆ ಹೋಗುತ್ತಿದ್ದ ಪಾರ್ವತೆಮ್ಮನಿಗೆ ಅವಳ ಸುದ್ದಿಯೇ ಗೊತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದು ಸಂಜೆಯವರೆಗೆ ನಿಂತ ದಿನ ಕಣ್ಣಾರೆ ನೋಡಿದಳು.

"ಬಾ ಹುಸೇನಮ್ಮ. ಇವತ್ತ ಏನ್ ತಂದಿ?"

ಬಾ! ತಂದಿ! ಇತ್ತ 'ಟೀಚರ್, ನೋಡ್ರಿ', ಅತ್ತ 'ಬಾ ಹುಸೇನಮ್ಮ'!

ಹುಸೇನಮ್ಮ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ಕೊಟ್ಟಳು. ಅಚ್ಚು ಪಕ್ಕಕ್ಕೆ ಸರಿದು ಅರ್ಧ ಸಿಂಹ ಅಂಚಿನಾಚೆ ಹೋಗಿದ್ದ ನಾಣ್ಯ. ಕನಕರಾಯ ಗಾಜು ಹಿಡಿದು ನೋಡಿದ, ತಿರುಗಿಸಿದ, ಮತ್ತೆ ತಿರುಗಿಸಿದ. ನಕ್ಕ. ಅದನ್ನು ಅಂಗಿಯ ಮೇಲುಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಪಾರ್ವತೆಮ್ಮ ಆ ಗುಂಡಿಯನ್ನೇ ನೋಡಿದಳು.

ಆ ಜೇಬು... ಅದು ತನ್ನದಲ್ಲವೇ? ಯಾರು ತಂದರೂ ಅಲ್ಲಿಗೇ ಹೋಗುತ್ತದೆಯೇ? ಚೀಲದ ಚಿಲ್ಲರೆಯಲ್ಲಿ ಬೆರೆಯಬಾರದು ಎಂದಷ್ಟೇ ಅಲ್ಲಿಡುತ್ತಾನೆಯೇ? ತಾನೇ ಒಂದು ಜೇಬಿನ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಿಕೊಂಡೆನೇ?

ಅವಳ ಎದುರಿನಲ್ಲೇ ಅವರಿಬ್ಬರ ಮಾತು ಮುಂದುವರಿಯಿತು.

"ಇನ್ನೂ ಸಿಗದಿದ್ದು ಯಾವುದ್ರಿ?" ಹುಸೇನಮ್ಮ ಕೇಳಿದಳು.

"ಉಲ್ಟಾ ಸಿಂಹ. ಒಂದ್ ಮುಖದಾಗ ಸಿಂಹ ನೆಟ್ಟಗಿರ್ತಾವು. ಇನ್ನೊಂದ್ ಮುಖದಾಗ ಅಂಕಿ ಇರಬೇಕಲ್ಲ, ಅಲ್ಲಿ ಅಂಕಿ ಇಲ್ಲ, ಅದೇ ಸಿಂಹ ಎಡಬಲ ಆಗಿ ಒಳಗ ಕುಂತಿರ್ತಾವು. ಹಿಂದಿನ ನಾಣ್ಯ ಅಚ್ಚಿನ್ಯಾಗ ಅಂಟ್ಕೊಂಡ್ರ ಮುಂದಿನದಕ್ಕ ಹಂಗ ಬೀಳತೈತಿ. ನಮ್ಮ ಗುರು ಪೀರ್‌ಸಾಬ್ ಅವ್ರು ಸುದ್ದಾ ಒಂದೇ ಒಂದು ನೋಡ್ಯಾರಂತ."

"ನಾನೇ ತಂದು ಕೊಡ್ತೀನಿ ತಡೀರಿ."

ತರ್ತೀಯೇನು ನೀನು... ನೋಡೇ ಬಿಡೋಣ, ಎಂದುಕೊಂಡಳು ಪಾರ್ವತೆಮ್ಮ. ಕಿಟಕಿಯಾಚೆ ನೋಡುತ್ತ ಕುಳಿತವಳಿಗೆ ಮಸ್ಕಿ ಬಂದದ್ದೂ ತಿಳಿಯಲಿಲ್ಲ. ಇಳಿಯುವಾಗ ಅವನು "ಹುಷಾರ್ರಿ ಟೀಚರ್" ಅಂದರೆ ಅವಳು ಹಿಂತಿರುಗಿಯೂ ನೋಡದೆ ನಡೆದಳು.

ಹೊಟ್ಟೆಕಿಚ್ಚು ಬುದ್ಧಿಯನ್ನು ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ. ಮರುದಿನವೇ ಅವಳನ್ನು ಸಿಂಧನೂರಿಗೆ, ಸೋದರಮಾವ ಗಿಡ್ಡಪ್ಪನ ಟ್ರ್ಯಾಕ್ಟರ್ ರಿಪೇರಿ ಅಂಗಡಿಗೆ ಕರೆದೊಯ್ಯಿತು.

"ಮಾಮಾ, ಸ್ವಲ್ಪ ವೈಸ್ ಬೇಕಾಗಿತ್ತು."

"ಹೊಲಿಗಿ ಟೀಚರಿಗೆ ವೈಸ್ ಯಾಕಬೇ?"

"ಒಂದ್ ಗುಂಡಿ ಒತ್ತಬೇಕು."

ಗಿಡ್ಡಪ್ಪ ಗ್ರೀಸಿನ ಕೈ ಒರೆಸಿಕೊಂಡು ಚಹಾಕ್ಕೆ ಹೋದ. ಅವಳು ಆರು ಮೂಲೆಯ ಎರಡು ಇಪ್ಪತ್ತು ಪೈಸೆ ತಂದಿದ್ದಳು. ಅಲ್ಯೂಮಿನಿಯಂ, ಬೆಣ್ಣೆಯಂಥ ಲೋಹ. ಒಂದರ ಅಂಕಿಯನ್ನು ಮರಳುಕಾಗದದಲ್ಲಿ ತಿಕ್ಕಿ ನುಣ್ಣಗೆ ಮಾಡಿದಳು. ಅದರ ಮೇಲೆ ಇನ್ನೊಂದರ ಸಿಂಹವನ್ನು ಮುಖ ಕೆಳಗಾಗಿ ಇಟ್ಟು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕುಳ, ಆ ವೈಸಿನ ದವಡೆಗೆ ಕೊಟ್ಟು ಹಿಡಿಕೆ ತಿರುಗಿಸಿದಳು. ಇನ್ನೂ ತಿರುಗಿಸಿದಳು.

ಬಿಚ್ಚಿದಾಗ ಸಿಂಹ ಉಲ್ಟಾ ಆಗಿ ಒಳಗೆ ಕುಳಿತಿತ್ತು!

ಸೋಮವಾರ ಬೆಳಿಗ್ಗೆ ಅದನ್ನು ಟಿಕೆಟಿನ ಹಣದ ಜೊತೆ ಅವನ ಅಂಗೈಯಲ್ಲಿಟ್ಟಳು. ಉಲ್ಟಾ ಸಿಂಹ ಮೇಲಾಗಿ.

ಕನಕರಾಯ ಗಾಜು ತೆಗೆದ. ನಾಣ್ಯ ನೋಡಿದ, ಅವಳನ್ನು ನೋಡಿದ. ಅವನ ಕಣ್ಣಂಚು ಒದ್ದೆಯಾಯಿತು.

"ನನ್ನ ಸಲುವಾಗಿ ಹುಡುಕಿದ್ರೇನ್ರಿ?"

"ಹೂಂ... ಸಿಕ್ತು."

"ಪಾರ್ವತೆಮ್ಮ," ಎಂದ ಅವನು. ಟೀಚರ್ ಎನ್ನಲಿಲ್ಲ. "ಎಷ್ಟು ದಿನದಿಂದ ಕೇಳಬೇಕಂತಿದ್ದೆ, ಧೈರ್ಯ ಬಂದಿರಲಿಲ್ಲ. ಬರೋ ಭಾನುವಾರ ಸಿಂಧನೂರಾಗ ಪೀರ್‌ಸಾಬ್ ಅವ್ರಿಗೆ ಇದನ್ನ ತೋರಸ್ತೀನಿ. ನಂಗ ನಾಣ್ಯ ನೋಡಾಕ ಕಲಿಸಿದವ್ರು ಅವ್ರು. ಮರುದಿನ ಸೋಮವಾರ ನಮ್ಮವ್ವನ ಕರಕೊಂಡು ನಿಮ್ಮ ಮನಿಗೆ ಬರ್ತೀನಿ. ಬರ್ಲಾ?"

ಅವಳು ತಲೆ ಆಡಿಸಿದಳು. ಗೆದ್ದಿದ್ದಳು! ಹುಸೇನಮ್ಮನನ್ನು ಗೆದ್ದಿದ್ದಳು!

ಆದರೆ ಆ ಗೆಲುವು ಲಿಂಗಸೂಗೂರು ಬರುವಷ್ಟರಲ್ಲಿ ಹುಳಿಯಾಯಿತು. ಮಂದಿ ಬೇಕಂತ ಮಾಡಿದ್ದನ್ನು ಕಣ್ಣಲ್ಲಿ ನೋಡಬಾರದು ಎಂದವನ ಮನೆಗೆ ತಾನು ಅದನ್ನೇ ಹಿಡಿದುಕೊಂಡು ಸೊಸೆಯಾಗಿ ಹೊರಟಿದ್ದಳು. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಭಾನುವಾರ ಪೀರ್‌ಸಾಬರ ಮುಂದೆ ಅವನ ಮಾನ ಹೋಗುತ್ತದೆ, ಆಮೇಲೆ ಅವನೂ ಹೋಗುತ್ತಾನೆ. ಪ್ರತಿ ದಿನ ಹೇಳಬೇಕೆಂದು ಬಸ್ಸು ಹತ್ತಿದಳು, ಹೇಳದೆ ಇಳಿದಳು.

ಶನಿವಾರ ಸಂಜೆ ಹುಸೇನಮ್ಮ ಹತ್ತಿದಳು. ಕನಕರಾಯನಿಗೆ ಸಂಭ್ರಮ ತಡೆಯಲಾಗಲಿಲ್ಲ.

"ನೋಡಿಲ್ಲಿ, ಉಲ್ಟಾ ಸಿಂಹ. ಸೋಮವಾರ ಟೀಚರ್ ತಂದಾರ."

ಹುಸೇನಮ್ಮ ಗಾಜು ಹಿಡಿದು ಉಲ್ಟಾ ಸಿಂಹ ನೋಡಿದಳು. ಆಮೇಲೆ ನಾಣ್ಯ ತಿರುಗಿಸಿ ನೆಟ್ಟಗಿನ ಸಿಂಹ ನೋಡಿದಳು. ಹೆಚ್ಚೇ ಹೊತ್ತು ನೋಡಿದಳು. ತಲೆಯೆತ್ತಿ ಪಾರ್ವತೆಮ್ಮನ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

ಮುಗಿಯಿತು... ಈಗ ಹೇಳುತ್ತಾಳೆ...

"ಇಂಥದ್ದು ನಾ ನೋಡೇ ಇಲ್ರಿ," ಎಂದಳು ಹುಸೇನಮ್ಮ. ನಾಣ್ಯ ಹಿಂದಿರುಗಿಸಿದಳು.

ಅವನು ಟಿಕೆಟ್ ಕೊಡುತ್ತ ಹಿಂದಕ್ಕೆ ಹೋದಾಗ ಅವಳು ಬಂದು ಪಾರ್ವತೆಮ್ಮನ ಪಕ್ಕದಲ್ಲಿ ಕುಳಿತಳು.

"ವೈಸಿನ್ಯಾಗ ಒತ್ತಿದ್ರ ಹಿಂದ್ಲ ಮುಖ ಜಜ್ಜತೈತಿ," ಹುಸೇನಮ್ಮ ಮೆಲ್ಲಗೆ ಹೇಳಿದಳು. "ಸಿಂಹದ ಮೂಗು ಚಪ್ಪಟಿ ಆಗ್ಯಾವ. ದವಡಿ ಗೀರು ಸುದ್ದಾ ಅದಾವ. ಖರೇ ನಾಣ್ಯ ಆಗಿದ್ರ ಆ ಕಡೆ ಹೊಚ್ಚ ಹೊಸಾದಂಗ ಇರತಿತ್ತು."

"ಮತ್ಯಾಕ ಹೇಳ್ಲಿಲ್ಲ ನೀ? ಹೇಳಬೇಕಾಗಿತ್ತು. ನಾ ಬ್ಯಾಡಾಗಿ ಹೋಗ್ತಿದ್ದೆ, ನಿಂಗ ಚಲೋ ಆಗತಿತ್ತು."

ಹುಸೇನಮ್ಮ ನಕ್ಕಳು. ಆ ನಗೆ ಅರ್ಧಕ್ಕೇ ನಿಂತಿತು.

"ಹೌದವ್ವ. ನಾ ಏನ್ ನಾಣ್ಯದ ಸಲುವಾಗಿ ನಾಣ್ಯ ತರಾಕತ್ತೀನೇನು? ಗಲ್ಲಾದಾಗ ಕುಂತು ವಾರಾನಗಟ್ಲೆ ಚಿಲ್ರಿ ಆರಸ್ತೀನಿ, ಶನಿವಾರ ಇವ ನಗತಾನಂತ. ಆದ್ರ ನಾ ತಂದ ಒಂದೊಂದು ನಾಣ್ಯಾನೂ ಇವ ಎರಡೂ ಕಡೆ ತಿರುಗಿಸಿ ತಿರುಗಿಸಿ ನೋಡ್ಯಾನ. ನೀ ಕೊಟ್ಟಿದ್ದು ಒಂದೇ ಕಡೆ ನೋಡ್ಯಾನ. ವಾರ ಆತು, ಇನ್ನೂ ತಿರುಗಿಸಿಲ್ಲ; ತಿರುಗಿಸಿದ್ರ ಗೀರು ಕಂಡೇ ಕಾಣತಿದ್ವು. ನಂಗೆಷ್ಟು ಹೊಟ್ಟಿ ಉರಿದಿರಬೇಕು ನೀನೇ ಹೇಳು."

ಯಾವುದನ್ನು ಗೆಲ್ಲಲು ಪಾರ್ವತೆಮ್ಮ ಇಷ್ಟೆಲ್ಲ ಮಾಡಿದಳೋ ಅದು ಮೊದಲಿನಿಂದಲೂ ತನ್ನದೇ ಆಗಿತ್ತು. ಅವನ ಆ ನಂಬಿಕೆಗೇ ಅವಳು ಮೋಸ ಮಾಡಿದ್ದಳು.

"ನಾ ಹೇಳಿದ್ರ ಚಾಡಿ ಆಕೈತಿ," ಹುಸೇನಮ್ಮ ಎದ್ದಳು. "ನೀ ಹೇಳು. ಮಸ್ಕ್ಯಾಗ ಡ್ರೈವರ್ ಚಹಾಕ್ಕ ಇಳೀತಾನ. ನಾನೂ ಇಳೀತೀನಿ."

ಮಸ್ಕಿ ಬಂತು. ಎಲ್ಲರೂ ಚಹಾದಂಗಡಿಗೆ ಇಳಿದರು. ಪಾರ್ವತೆಮ್ಮ ಏಳಲಿಲ್ಲ.

"ಊರು ಬಂತಲ್ರಿ?" ಕನಕರಾಯ ಹತ್ತಿರ ಬಂದ.

"ಆ ನಾಣ್ಯ ತಗೀರಿ. ತಿರುಗಿಸಿ ನೋಡ್ರಿ."

ಅವನು ಗಾಜು ಹಿಡಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖದ ಬೆಳಕು ಇಳಿದದ್ದನ್ನು ಪೂರ್ತಿ ನೋಡಿದಳು. ನೋಡುವುದೇ ತನಗೆ ಸರಿಯಾದ ಶಿಕ್ಷೆ ಅನಿಸಿತು.

"ನಾನೇ ಮಾಡೀನಿ. ನಮ್ಮ ಮಾಮನ ಅಂಗಡ್ಯಾಗ, ವೈಸಿನ್ಯಾಗ."

"ಯಾಕ?"

"ಹುಸೇನಮ್ಮನ್ನ ಕಂಡ್ರ ಹೊಟ್ಟೆಕಿಚ್ಚು. ನೀವು ಆಕೀನ್ನ ಬಾ ಅಂದ್ರಿ. ನಂಗ ಟೀಚರ್ ಅಂತಿದ್ರಿ."

ಅವನು ಎದುರಿನ ಸೀಟಿನಲ್ಲಿ ಕುಸಿದು ಕುಳಿತ.

"ನಾಳೆ ಪೀರ್‌ಸಾಬ್ ಮುಂದ ಇದನ್ನ ಇಡಾಕ ಹೊಂಟಿದ್ದೆ ನಾನು..."

"ಅದಕ್ಕ ಹೇಳಾಕತ್ತೀನಿ. ಸೋಮವಾರ ನಿಮ್ಮವ್ವನ ಕರಕೊಂಡು ಬರಬ್ಯಾಡ್ರಿ. ನಿಮ್ಮ ಕಣ್ಣಿಗೆ ಮಣ್ಣು ಹಾಕೀನಿ. ನಂಗ ಮುಖ ಇಲ್ಲ."

ಅವನಿಗೆ ಸಿಟ್ಟು ಬಂದಿತ್ತು. ಬಂದದ್ದು ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡು ನಾಣ್ಯವನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದ. ಅವಳು ಚೀಲ ಎತ್ತಿಕೊಂಡು ಬಾಗಿಲ ಮೆಟ್ಟಿಲಿಗೆ ಬಂದಳು.

"ಪಾರ್ವತಿ."

ಅವಳು ನಿಂತಳು.

"ನೀ ಮಾಡಿದ್ದು ನಂಗ ಸೇರಿಲ್ಲ. ಇನ್ನೊಮ್ಮೆ ನನ್ನ ಕೂಡ ಹಿಂಗ ಮಾಡಬ್ಯಾಡ."

"ಮಾಡಂಗಿಲ್ಲ."

"ಆದ್ರ ಇದನ್ನ ತಿರುಗಿಸಿ ನೋಡದಿದ್ದವ ನಾನು. ಬ್ಯಾರೆ ಯಾರ್ ಕೊಟ್ಟಿದ್ರೂ ತಿರುಗಿಸ್ತಿದ್ದೆ. ನಾಳೆ ಮುಂಜಾನೆ ಬಸ್ಸಿಗೆ ಸಿಂಧನೂರಿಗೆ ಬಾ. ಪೀರ್‌ಸಾಬ್ ಅವ್ರಿಗೆ ಇಬ್ರೂ ಕೂಡಿ ತೋರಸೂನು. ನಿನ್ನ ತಪ್ಪು ನೀ ಹೇಳು, ನನ್ನ ತಪ್ಪು ನಾ ಹೇಳ್ತೀನಿ."

"ಈಕಿ ಯಾರು ಅಂತ ಕೇಳಿದ್ರ?"

"ಸೋಮವಾರ ನಮ್ಮವ್ವ ನೋಡಾಕ ಹೊಂಟ ಹುಡುಗಿ ಅಂತೀನಿ."

ಅವಳ ಕಣ್ಣು ತುಂಬಿ ಬಂತು. ಚಹಾ ಮುಗಿಸಿ ಹತ್ತಿದ ಡ್ರೈವರ್ ಹಾರ್ನ್ ಹೊಡೆದ. ಹುಸೇನಮ್ಮ ಮುಂಬಾಗಿಲಿನಿಂದ ಹತ್ತಿ, ಇತ್ತ ನೋಡದೆ ಕಿಟಕಿಯ ಪಕ್ಕ ಕುಳಿತಳು.

ಪಾರ್ವತೆಮ್ಮ ಕೆಳಗಿಳಿದು ಬಾಗಿಲ ಸರಳನ್ನು ಹಿಡಿದುಕೊಂಡೇ ನಿಂತಳು.

"ಆಕಿ ಇನ್ನ ನಾಣ್ಯ ತಂದ್ರ ತಗೋರಿ. ಬ್ಯಾಡ ಅನ್ನಬ್ಯಾಡ್ರಿ."

"ತಗೋತೀನಿ."

"ಎರಡೂ ಕಡೆ ತಿರುಗಿಸಿ ನೋಡ್ರಿ ಮತ್ತ."

ಅವನು ನಕ್ಕುಬಿಟ್ಟ. "ನೀ ತಂದ್ರ?"

"ನಾ ಇನ್ನ ಏನೂ ತರಂಗಿಲ್ಲ," ಎಂದಳು ಅವಳು, ಸರಳು ಬಿಡುತ್ತ. "ನನ್ನ ನೋಡ್ರಿ, ಸಾಕು."